ಮಗ್ರಿಬ್ ಗೊತ್ತಿದ್ದ ಕಂಪ್ಯೂಟರ್

ಅಸ್ಫಿಯಾಳ ಕಣ್ಣು ಕೆಂಪಾಗಿದ್ದನ್ನು ಮನೆಯಲ್ಲಿ ಮೊದಲು ಕಂಡುಹಿಡಿದವರು ಅತ್ತೆ ಪ್ಯಾರಿ ಬೀ. ಕಂಡುಹಿಡಿದ ಮೇಲೆ ಸುಮ್ಮನಿರುವ ಜಾಯಮಾನ ಅವರದಲ್ಲ. ಬೆಳಗಿನ ತಿಂಡಿಗೆ ಎಲ್ಲರೂ ಕೂತಿದ್ದಾಗ, ಸೊಸೆ ತಂದಿಟ್ಟ ರೊಟ್ಟಿಯೊಂದನ್ನು ಎತ್ತಿ, ಅದರ ಕರಕಲು ಮುಖವನ್ನು ಮಗನ ಕಡೆ ತಿರುಗಿಸಿ ಹಿಡಿದರು.

"ನೋಡು ಮುಝಫರ್. ರೊಟ್ಟಿ ಕಪ್ಪು, ನಿನ್ನ ಹೆಂಡ್ತಿ ಕಣ್ಣು ಕೆಂಪು. ಎಲ್ಡೂ ಆ ಕಂಪ್ಯೂಟರ್‌ನಿಂದ."

ಮುಝಫರ್ ರೊಟ್ಟಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಕೊನೆಗೆ ಚಟ್ನಿಯನ್ನು ನೋಡುವುದೇ ಕ್ಷೇಮವೆಂದು ತೀರ್ಮಾನಿಸಿದ.

"ಕಂಪ್ಯೂಟರ್ ರೊಟ್ಟಿ ಸುಡಲ್ಲ ಅಮ್ಮೀ," ಎಂದಳು ಅವನ ತಂಗಿ ಫರೀಹಾ. ಬಿಸಿಎ ಓದುತ್ತಿದ್ದ ಅವಳಿಗೆ ಲೋಕದ ಕಂಪ್ಯೂಟರುಗಳ ಮಾನ ಕಾಯುವ ಹೊಣೆ ತನ್ನದೇ ಎಂಬ ಭಾವನೆಯಿತ್ತು.

"ರಾತ್ರಿ ಅದರ ಮುಂದೆ ಕುಂತು ಕುಂತು ಬೆಳಿಗ್ಗೆ ಒಲೆ ಮುಂದೆ ತೂಕಡಿಸಿದ್ರೆ ರೊಟ್ಟಿ ಏನಾಗತೈತೆ? ನೀನು ಸುಮ್ನೆ ತಿನ್ನು."

ಅಸ್ಫಿಯಾ ಕರಕಲು ರೊಟ್ಟಿಯನ್ನು ಅತ್ತೆಯ ಕೈಯಿಂದ ತೆಗೆದುಕೊಂಡು ತನ್ನ ತಟ್ಟೆಗೆ ಹಾಕಿಕೊಂಡಳು. ಹಣೆಯ ಎರಡೂ ಬದಿ ಸಿಡಿಯುತ್ತಿತ್ತು. ಅದನ್ನು ಹೇಳಿದರೆ ಅತ್ತೆಯ ಮಾತಿಗೆ ಇನ್ನೊಂದು ಸಾಕ್ಷಿ ಒದಗಿಸಿದಂತೆ ಎಂದು ಅವಳಿಗೆ ಗೊತ್ತಿತ್ತು.

ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯಲ್ಲಿ ಮಾವ ಕರೀಂ ಸಾಬರದು ಮದುವೆ ಕಾರ್ಡಿನ ಅಂಗಡಿ. ಒಂದೊಂದೇ ಅಚ್ಚುಮೊಳೆ ಜೋಡಿಸಿ ಮುದ್ರಿಸುತ್ತಿದ್ದ ಕಾಲದಿಂದ ಸುತ್ತಲ ತಾಲ್ಲೂಕುಗಳ ಮದುವೆ, ಗೃಹಪ್ರವೇಶ, ನಿಕಾಹ್ ಎಲ್ಲಕ್ಕೂ ಜನ ಅಲ್ಲಿಗೇ ಬರುತ್ತಿದ್ದರು. ಒಂದು ಪಕ್ಕಕ್ಕೆ ಬೇಕರಿ, ಇನ್ನೊಂದು ಪಕ್ಕಕ್ಕೆ ದರ್ಜಿ, ಹಿಂದೆ ಗೋದಾಮಿನ ಗೋಡೆ. ಕಿಟಕಿ ಎಂಬುದೇ ಇಲ್ಲದ ಆ ಅಂಗಡಿಯಲ್ಲಿ ನಡುಹಗಲಲ್ಲೂ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಕಾರ್ಡಿನ ಡಿಸೈನ್ ಮಾಡುತ್ತಿದ್ದವನು ದಾವಣಗೆರೆಗೆ ಹೋದ ಮೇಲೆ ಮುಝಫರ್ ಕಂಗಾಲಾಗಿದ್ದ. ಆಗ ಅಸ್ಫಿಯಾ ಬಾಯಿಬಿಟ್ಟು ಹೇಳಿದ್ದಳು, ಮದುವೆಗೆ ಮೊದಲು ತವರೂರು ಭರಮಸಾಗರದಲ್ಲಿ ತಾನು ಡಿಟಿಪಿ ಕಲಿತಿದ್ದೇನೆ ಎಂದು. ಹೀಗೆ ಕಂಪ್ಯೂಟರ್ ಅಂಗಡಿಯಿಂದ ಮನೆಗೆ ಬಂದು ಒಳಕೋಣೆಯ ಬೀರುವಿನ ಪಕ್ಕ ಕೂತಿತು.

ಹಗಲೆಲ್ಲ ಅದರ ಮೇಲೊಂದು ಹಳೆಯ ದುಪಟ್ಟಾ ಹೊದಿಸಿರುತ್ತಿತ್ತು. ಬೆಳಿಗ್ಗೆ ನೀರು ಹಿಡಿಯುವುದು, ತಿಂಡಿ, ಡಬ್ಬಿ, ಬಟ್ಟೆ, ಮಧ್ಯಾಹ್ನದ ಅಡುಗೆ, ಸಕ್ಕರೆ ಕಾಯಿಲೆಯ ಮಾವನಿಗೆ ಬೇರೆ ಅಡುಗೆ, ಸಂಜೆ ಬಂದುಹೋಗುವವರಿಗೆ ಚಹಾ, ಮತ್ತೆ ರಾತ್ರಿಯ ಒಲೆ. ಎಲ್ಲರೂ ಉಂಡು, ಪಾತ್ರೆಗಳನ್ನು ಬೋರಲು ಹಾಕಿದ ಮೇಲೆ ಅಸ್ಫಿಯಾ ದುಪಟ್ಟಾ ಸರಿಸಿ ಕೂರುತ್ತಿದ್ದಳು. ಆ ಹೊತ್ತು ಅವಳಿಗೆ ಪ್ರಿಯವಾದ ಹೊತ್ತು. ಯಾರದೋ ಮನೆಗೆ ಹೋದಾಗ ಕನ್ನಡಿಯ ಅಂಚಿಗೆ ತಾನು ಮಾಡಿದ ಕಾರ್ಡು ಸಿಕ್ಕಿಸಿದ್ದು ಕಂಡರೆ ಅವಳಿಗೆ ಒಳಗೊಳಗೇ ಹಿಗ್ಗು. ಅದನ್ನು ಯಾರಿಗೂ ಹೇಳಿರಲಿಲ್ಲ.

ತಿಂಡಿ ಮುಗಿಯುವಷ್ಟರಲ್ಲಿ ಪ್ಯಾರಿ ಬೀ ತೀರ್ಪು ಕೊಟ್ಟರು.

"ಈ ಮದ್ವೆ ಸೀಸನ್ ಮುಗಿಯೋವರ್ಗೂ ನೋಡ್ತೀನಿ. ಆಮೇಲೂ ದುಲ್ಹನ್ ಹಿಂಗೇ ತಲೆ ಹಿಡ್ಕಂಡು ಕುಂತ್ರೆ ಆ ಪೆಟ್ಟಿಗೆ ಅಂಗಡಿಗೆ ವಾಪಸ್. ಯಾರನ್ನಾದ್ರೂ ಸಂಬಳಕ್ಕೆ ಇಟ್ಕಳ್ರಿ. ನನಗೆ ಕಣ್ಣಿರೋ ಸೊಸೆ ಬೇಕು."

"ಹೇಳು ಅಮ್ಮೀ, ನನ್ನ ದೋಸ್ತಂದು ಆಟೋ ಐತೆ. ಹಾಕ್ಕಂಡು ಹೋಗಿ ಇಟ್ಟು ಬರ್ತೀನಿ," ಎಂದ ಕಿರಿಯ ಮಗ ಶಾಹಿದ್. ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಅವನು ಕೆಲಸಕ್ಕೆ ಮುಂಚೆ ಮಾತು ಕೊಡುವುದರಲ್ಲಿ ನಿಸ್ಸೀಮ.

ಅಸ್ಫಿಯಾ ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಳು. ಅತ್ತೆ ಹೇಳಿದರೆ ಮಾಡುವವರು. ಅವರಿಗೆ ತನ್ನ ಮೇಲೆ ದ್ವೇಷವಿದ್ದರೆ ಜಗಳವಾದರೂ ಆಡಬಹುದಿತ್ತು; ಕಾಳಜಿಯಿಂದ ಹೇಳುವವರ ಜೊತೆ ಹೇಗೆ ಜಗಳ ಆಡುವುದು?

ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ ಕನ್ನಡಕ ಬೇಡ ಎಂದರು. ಕತ್ತಲಲ್ಲಿ ಬಿಳಿ ಬೆಳಕು ದಿಟ್ಟಿಸುವುದು ಕಡಿಮೆ ಮಾಡಿ, ಪರದೆಯ ಬೆಳಕು ಕಣ್ಣಿಗೆ ಹಿತವಾಗುವಂತೆ ಮಾಡಿಕೊಳ್ಳಿ ಎಂದರು. ಆ ಮಾತು ಮನೆಗೆ ಬಂದ ಕೂಡಲೇ ಎಲ್ಲರೂ ಕಣ್ಣಿನ ಡಾಕ್ಟರೇ ಆದರು.

ಮುಝಫರ್ ಕಂಪ್ಯೂಟರಿನಲ್ಲೇ ಇರುವ, ಪರದೆಯ ಬಿಳುಪು ತಗ್ಗಿಸುವ ರಾತ್ರಿ ಬೆಳಕನ್ನು ಹಾಕಿಕೊಟ್ಟ. ಅಂಗಡಿಯಿಂದ ತಂದದ್ದು ಬಹಳ ಹಳೆಯ ಯಂತ್ರ. ಆ ಬೆಳಕು ಒಮ್ಮೆ ಬರುತ್ತಿತ್ತು, ಒಮ್ಮೆ ಮುನಿಸಿಕೊಂಡು ಹೋಗುತ್ತಿತ್ತು. ಶಾಹಿದ್ ಪೆನ್‌ಡ್ರೈವಿನಲ್ಲಿ ಇನ್ನೊಂದು ಸಾಫ್ಟ್‌ವೇರ್ ತಂದ. ಅದು ಪರದೆಯನ್ನು ಎಷ್ಟು ಮಬ್ಬು ಮಾಡಿತೆಂದರೆ ಅಸ್ಫಿಯಾ ಒತ್ತಕ್ಷರ ಹುಡುಕಲು ಮೂಗನ್ನು ಗಾಜಿಗೆ ತಾಗಿಸಬೇಕಾಯಿತು. ಮೇಲಾಗಿ ನಡುನಡುವೆ ಹೊಟ್ಟೆ ಕರಗಿಸುವ ಜಾಹೀರಾತು ಬರುತ್ತಿತ್ತು. ಅದೇ ಹೊತ್ತಿಗೆ ಇಣುಕಿದ ಪ್ಯಾರಿ ಬೀ, "ಇದಕ್ಕಾ ನೀನು ರಾತ್ರಿಯೆಲ್ಲಾ ಕೂರೋದು?" ಎಂದು ಕೇಳಿಬಿಟ್ಟರು.

ಕೊನೆಗೆ ಫರೀಹಾ ಒಂದನ್ನು ಇಂಟರ್ನೆಟ್ಟಿನಿಂದ ಇಳಿಸಿದಳು.

"ಇದಕ್ಕೆ ಊರು ಹೇಳಿದ್ರೆ ಸಾಕು ಭಾಬಿ. ಸೂರ್ಯ ಮುಳುಗೋ ಟೈಮು ಅದಕ್ಕೇ ಗೊತ್ತಾಗತೈತೆ. ಮುಳುಗಿದ ಮೇಲೆ ಮೆಲ್ಲಗೆ ಪರದೆ ಹಳದಿ ಆಗ್ತಾ ಹೋಗತೈತೆ, ಬೆಳಿಗ್ಗೆ ತಾನೇ ಬೆಳ್ಳಗಾಗತೈತೆ. ನೀವು ಏನೂ ಮುಟ್ಟಂಗಿಲ್ಲ."

ಮೂಲೆಯಲ್ಲಿ ಕೂತು ಪೇಪರು ಓದುತ್ತಿದ್ದ ಕರೀಂ ಸಾಬರು ತಲೆಯೆತ್ತಿದರು. "ಸೂರ್ಯ ಮುಳುಗೋದು ಅದಕ್ಕೆ ಹೆಂಗೆ ಗೊತ್ತಾಗತೈತೆ?"

"ಲೆಕ್ಕ ಇರತೈತೆ ಅಬ್ಬಾ."

"ನೋಡಾಣ," ಎಂದು ಅವರು ಕುರ್ಚಿಯನ್ನು ಪರದೆಯ ಮುಂದೆ ಎಳೆದುಕೊಂಡರು. ಅಂದು ಸಂಜೆ ನಮಾಜಿಗೆ ಕೈಕಾಲು ತೊಳೆದು ವಜೂ ಮಾಡಿ, ಟೋಪಿ ಹಾಕಿಕೊಂಡು, ಮಸೀದಿಗೆ ಹೊರಡಲು ಸಿದ್ಧರಾಗಿಯೇ ಕಂಪ್ಯೂಟರಿನ ಪರೀಕ್ಷೆಗೆ ಕೂತರು. ಬಿಳಿ ಪರದೆಯ ಮೇಲೆ ತಿಳಿ ಹಳದಿ ಮೆಲ್ಲಗೆ ಇಳಿಯತೊಡಗಿತು. ಅವರು ಕೈಗಡಿಯಾರ ನೋಡುವಷ್ಟರಲ್ಲಿ ಹೊರಗೆ ಸೂರ್ಯ ಮುಳುಗಿದ ಹೊತ್ತಿನ ಮಗ್ರಿಬ್ ಅಜಾನ್ ಕೇಳಿಸಿತು.

ಕರೀಂ ಸಾಬರ ಮುಖ ಅರಳಿತು. "ಮಾಶಾ ಅಲ್ಲಾಹ್. ಇದಕ್ಕೆ ಮಗ್ರಿಬ್ ಗೊತ್ತೈತೆ. ಬೇಟಿ, ಇದನ್ನೇ ಇಟ್ಕ. ಇದು ನಂಬಿಕಸ್ತ ಸಾಮಾನು."

ಮನೆಯ ಹಿರಿಯರು ಹೀಗೆ ಪ್ರಮಾಣಪತ್ರ ಕೊಟ್ಟ ಮೇಲೆ ಇನ್ನೊಂದನ್ನು ಹುಡುಕುವ ಪ್ರಶ್ನೆಯೇ ಬರಲಿಲ್ಲ.

ಮೊದಲ ವಾರದಲ್ಲೇ ಅಸ್ಫಿಯಾಳಿಗೆ ವ್ಯತ್ಯಾಸ ಗೊತ್ತಾಯಿತು. ಕಣ್ಣಿನ ಉರಿ ಇಳಿಯಿತು, ಮಲಗಿದ ಕೂಡಲೇ ನಿದ್ದೆ ಹತ್ತತೊಡಗಿತು. ರೊಟ್ಟಿಗಳು ಮತ್ತೆ ಬೆಳ್ಳಗೆ ಉಬ್ಬಿದವು. ಪ್ಯಾರಿ ಬೀ ಮಾತ್ರ ಸುಲಭಕ್ಕೆ ಸೋಲಲಿಲ್ಲ. ರಾತ್ರಿ ಒಳಕೋಣೆಯ ಮುಂದೆ ಹಾದುಹೋಗುವಾಗಲೆಲ್ಲ ನಿಂತು ನೋಡುತ್ತಿದ್ದರು.

"ಕಾಮಾಲೆ ಬಂದೈತೆ ಇದಕ್ಕೆ. ಯಾರಾದ್ರೂ ನೆಲನೆಲ್ಲಿ ರಸ ಕುಡಿಸ್ರಿ."

"ನಂಗೆ ಹಾಯಾಗಿದೆ ಅಮ್ಮೀ," ಎಂದು ಅಸ್ಫಿಯಾ ನಗುತ್ತಿದ್ದಳು. ಹಳದಿ ಎಷ್ಟು ಮೆಲ್ಲಗೆ ಏರುತ್ತಿತ್ತೆಂದರೆ ಕೆಲವು ದಿನ ಕಳೆದ ಮೇಲೆ ಪರದೆ ಹಳದಿಯಾಗಿದೆ ಎಂಬುದೇ ಅವಳಿಗೆ ಮರೆತುಹೋಯಿತು. ಆ ದಿನಗಳಲ್ಲಿ ಬಂದ ಕೆಲಸವೆಲ್ಲ ಒಂದೇ ಬಣ್ಣದ ಕಾರ್ಡುಗಳು, ರಸೀದಿ ಪುಸ್ತಕಗಳು. ತಪ್ಪಾಗಲು ಅವುಗಳಲ್ಲಿ ಬಣ್ಣವೇ ಇರಲಿಲ್ಲ.

ಆಮೇಲೆ ಹೊಳಲ್ಕೆರೆಯ ಮುರುಗೇಶಪ್ಪನವರ ಕೆಲಸ ಬಂತು. ಅಲ್ಲಿ ಕಾಳಿನ ವ್ಯಾಪಾರ ಮಾಡುವ ಅವರ ಮದುವೆಯ ಕಾರ್ಡನ್ನೂ ಕರೀಂ ಸಾಬರೇ ಮೊಳೆ ಜೋಡಿಸಿ ಮುದ್ರಿಸಿದ್ದರು. ಈಗ ಮಗಳು ಭಾಗ್ಯಳ ಮದುವೆ.

"ಕಾರ್ಡಿನ ಸುತ್ತ ಅರಿಶಿನದ ಬಾರ್ಡರ್ ಬೇಕಂತೆ," ಎಂದು ಮುಝಫರ್ ಊಟಕ್ಕೆ ಕೂತಾಗ ಹೇಳಿದ. "ಮೇಲ್ಗಡೆ ಅವರ ಮಠದ ಹಿರಿಯ ಗುರುಗಳ ಫೋಟೊ. ಹಳೇ ಫೋಟೊ, ಮಾಸಿಹೋಗೈತೆ. ಕಾವಿ ಚೊಕ್ಕವಾಗಿ ಕಾಣಂಗೆ ಮಾಡ್ಬೇಕು."

"ಮಾಡ್ತೀನಿ," ಎಂದಳು ಅಸ್ಫಿಯಾ. ಅಂಥ ಕೆಲಸವೆಂದರೆ ಅವಳಿಗೆ ಹಬ್ಬ.

ಮೂರು ರಾತ್ರಿ ಅದಕ್ಕೇ ಕೂತಳು. ಗುರುಗಳ ಕಾವಿ ಪರದೆಯ ಮೇಲೆ ಇಟ್ಟಿಗೆಯ ಹಾಗೆ ಕೆಂಪಗೆ ಕಾಣುತ್ತಿತ್ತು. ಕೆಂಪನ್ನು ತಗ್ಗಿಸಿದಳು, ತಿಳಿ ಮಾಡಿದಳು, ಚೂರು ನೀಲಿ ಬೆರೆಸಿದಳು. ಬಾರ್ಡರಿನ ಹಳದಿಯೂ ಗಾಢವೆನಿಸಿತು. ಅದನ್ನೂ ತೆಳು ಮಾಡಿದಳು. ಕೊನೆಗೆ ಕಾವಿ ಕಾವಿಯಾಗಿ, ಅರಿಶಿನ ಅರಿಶಿನವಾಗಿ ಕಂಡಾಗ ಕಾರ್ಡಿನ ಫೈಲನ್ನೇ ಮುರುಗೇಶಪ್ಪನವರ ಮಗ ಮಂಜುನಾಥನ ಮೊಬೈಲಿಗೆ ಕಳಿಸಿದಳು. ಅವನು ಮಲಗುವ ಮುನ್ನ ನೋಡಿ, "ತುಂಬಾ ಚೆನ್ನಾಗೈತೆ ಅಕ್ಕ, ಪ್ರಿಂಟ್ ಹಾಕಿಸ್ರಿ" ಎಂದು ಉತ್ತರ ಕಳಿಸಿದ.

ಕಾರ್ಡುಗಳು ದಾವಣಗೆರೆಯಲ್ಲಿ ಅಚ್ಚಾಗಿ ಬಸ್ಸಿನಲ್ಲಿ ಬಂದವು. ಮುಝಫರ್ ಕಟ್ಟು ಬಿಚ್ಚಿ, ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಒಂದನ್ನು ನೋಡಿದ. ಬಣ್ಣ ಏನೋ ಒಂಥರಾ ಎನಿಸಿತು. ಗಿರಾಕಿಯೇ ಒಪ್ಪಿದ್ದಾರೆ, ಈಗ ತಿಳಿ ಬಣ್ಣವೇ ಫ್ಯಾಷನ್ ಇರಬೇಕು ಎಂದುಕೊಂಡು ಮತ್ತೆ ಕಟ್ಟಿ ಹೊಳಲ್ಕೆರೆ ಬಸ್ಸಿಗೆ ಹಾಕಿದ.

ಶುಕ್ರವಾರ ಮಧ್ಯಾಹ್ನ ಜುಮ್ಮಾ ನಮಾಜು ಮುಗಿಸಿ ಗಂಡಸರು ಬಂದು, ಬಗಾರ ಅನ್ನ ದಾಲ್ಚಾ ಉಂಡು ಕೈ ತೊಳೆಯುತ್ತಿದ್ದರು. ಬಾಗಿಲಲ್ಲಿ ಮುರುಗೇಶಪ್ಪನವರು ನಿಂತಿದ್ದರು. ಅವರ ಹಿಂದೆ ಹೆಂಡತಿ ದಾಕ್ಷಾಯಣಮ್ಮ, ಎದೆಗೆ ಒಂದು ಕೈಚೀಲ ಅವುಚಿಕೊಂಡು.

"ಬರ್ರಿ ಬರ್ರಿ, ಕುಂತ್ಕಳ್ರಿ," ಎಂದು ಕರೀಂ ಸಾಬರು ಎದ್ದರು. "ಫರೀಹಾ, ಬಾಳೆಹಣ್ಣು ತಾ. ಚಹಾ ಇಡ್ರಿ."

"ಚಹಾ ಆಮೇಲೆ ಕುಡಿಯಾಣ ಸಾಬ್ರೆ. ಅಂಗಡಿಗೆ ಹೋಗಿದ್ವಿ, ಬಾಗ್ಲು ಹಾಕಿತ್ತು," ಎಂದರು ಮುರುಗೇಶಪ್ಪ. ಅವರ ಮುಖ ಸಪ್ಪಗಿತ್ತು.

ದಾಕ್ಷಾಯಣಮ್ಮ ಚೀಲದಿಂದ ಕಾವಿ ಬಟ್ಟೆಯಲ್ಲಿ ಸುತ್ತಿದ ಕಾರ್ಡೊಂದನ್ನು ತೆಗೆದು ಚಾಪೆಯ ಮೇಲಿಟ್ಟರು. "ದೇವರ ಮುಂದೆ ಇಡಾಣ ಅಂತ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದೆ ಕಣಮ್ಮ. ಹಚ್ಚಿದ ಮ್ಯಾಲೆ ಗೊತ್ತಾತು."

ಎಲ್ಲರೂ ಬಗ್ಗಿ ನೋಡಿದರು. ಮೂಲೆಗಳಲ್ಲಿ ಅಡುಗೆಮನೆಯ ನಿಜವಾದ ಅರಿಶಿನ ಹೊಳೆಯುತ್ತಿತ್ತು. ಅದರ ಪಕ್ಕದಲ್ಲಿ ಅಚ್ಚಾದ ಬಾರ್ಡರು ಎಳೆ ನಿಂಬೆಕಾಯಿಯ ಹಾಗೆ ಪೇಲವವಾಗಿತ್ತು. ಮೇಲೆ ಗುರುಗಳು ಕೈಯೆತ್ತಿ ಆಶೀರ್ವಾದ ಮಾಡುತ್ತಿದ್ದರು. ಅವರ ಕಾವಿ ತಿಳಿ ಗುಲಾಬಿಯಾಗಿತ್ತು.

"ನನ್ನ ಮದ್ವೆ ಕಾರ್ಡು ನೀವು ಒಂದೇ ಬಣ್ಣದಾಗೆ ಹಾಕಿಕೊಟ್ರಿ," ಎಂದರು ಮುರುಗೇಶಪ್ಪ, ದನಿ ಏರಿಸದೆ. "ಒಂದು ಕೊಂಬು ತಪ್ಪಿರಲಿಲ್ಲ. ಈಗ ಗುರುಗಳಿಗೆ ಗುಲಾಬಿ ಉಡಿಸಿದೀರಿ. ಸೋಮವಾರ ಮಠಕ್ಕೆ ಹೋಗಿ ಗದ್ದುಗೆ ಮುಂದೆ ಮೊದಲ್ನೇ ಕಾರ್ಡು ಇಡಬೇಕು, ಅದಾದ ಮ್ಯಾಲೇ ನೆಂಟರಿಗೆ ಹಂಚೋದು. ಇದನ್ನ ಹೆಂಗೆ ಇಡ್ಲಿ?"

ಅವರು ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅಸ್ಫಿಯಾಳಿಗೆ. ಅವಳು ಒಳಕೋಣೆಗೆ ಓಡಿ, ದುಪಟ್ಟಾ ಎಳೆದುಹಾಕಿ ಕಂಪ್ಯೂಟರ್ ಹಚ್ಚಿದಳು. ಹಗಲ ಹೊತ್ತು ಪರದೆ ಬೆಳ್ಳಗಿತ್ತು. ಮೂರು ರಾತ್ರಿ ಕಾವಿಯಾಗಿದ್ದದ್ದು ಈಗ ಗುಲಾಬಿಯಾಗಿ ಎದುರಿಗೆ ನಿಂತಿತ್ತು. ಅವಳಿಗೆ ಎಲ್ಲವೂ ಒಮ್ಮೆಗೇ ತಿಳಿಯಿತು. ಹಳದಿ ಬೆಳಕಿನಲ್ಲಿ ಎಲ್ಲ ಬಣ್ಣವೂ ಕೆಂಪಗೆ ಕಂಡಿತ್ತು, ಇಲ್ಲದ ಕೆಂಪನ್ನು ತೆಗೆಯಲು ಹೋಗಿ ಇದ್ದ ಬಣ್ಣವನ್ನೇ ತೆಗೆದಿದ್ದಳು.

ವಾಪಸು ಬಂದು ಗೋಡೆಗೆ ಆತು ನಿಂತು ಹೇಳಿದಳು: "ತಪ್ಪು ನಂದೇ ಅಮ್ಮ. ರಾತ್ರಿ ಕಣ್ಣುರಿ ಅಂತ ಪರದೆಗೆ ಹಳದಿ ಬೆಳಕು ಹಾಕ್ಕಂಡಿದ್ದೆ. ಅದರಲ್ಲೇ ಬಣ್ಣ ನೋಡ್ಬಿಟ್ಟೆ."

"ನಮ್ಮ ಮಂಜನಿಗೆ ತೋರ್ಸಿದ್ರಿ ಅಲ್ಲೇನು? ಅವನ್ಯಾಕೆ ಹೂಂ ಅಂದ?" ಎಂದು ಮುರುಗೇಶಪ್ಪ ಮಗನಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಹಿಡಿದರು.

"ನನ್ನ ಮೊಬೈಲಾಗೆ ಚೆನ್ನಾಗೇ ಇತ್ತಪ್ಪ," ಎಂದಿತು ಫೋನು. "ಕಾವಿ ಕಾವಿನೇ ಇತ್ತು."

"ಯಾವಾಗ ನೋಡ್ದೆ?" ಎಂದು ದಾಕ್ಷಾಯಣಮ್ಮ ನಡುವೆ ಬಾಯಿ ಹಾಕಿದರು.

"ರಾತ್ರಿ, ಮಲಗೋ ಮುಂಚೆ."

"ನಿನ್ನ ಮೊಬೈಲು ರಾತ್ರಿ ಹಳದಿ ಆಗತೈತಲ್ಲೋ. ಕಣ್ಣಿಗೆ ತಂಪು ಅಂತ ನೀನೇ ಹಾಕ್ಕಂಡಿದೀಯಲ್ಲ."

ದಾಕ್ಷಾಯಣಮ್ಮನವರ ತುಟಿಯಂಚಿನಲ್ಲಿ ನಗು ಇಣುಕಿತು. ಗಂಡನ ಕಡೆ ತಿರುಗಿ, "ಎಲ್ಡೂ ಕಡೆ ಕಾಮಾಲೆ ಕಣ್ಣೇ ಆತು ಬಿಡ್ರಿ. ಈ ಹುಡುಗಿ ಒಬ್ಳನ್ನೇ ಯಾಕೆ ಅನ್ನೋದು?" ಎಂದರು.

ಕಾಮಾಲೆ ಎಂಬ ಮಾತು ಕೇಳಿ ಪ್ಯಾರಿ ಬೀ ಆ ಹೆಂಗಸನ್ನು ಮೊದಲ ಬಾರಿಗೆ ಗೌರವದಿಂದ ನೋಡಿದರು.

ಭಾನುವಾರ ಸಂಜೆಯೊಳಗೆ ಹೊಸ ಕಾರ್ಡು ಮನೆಗೆ ತಲುಪಿಸುವುದೆಂದು ಕರೀಂ ಸಾಬರು ಮಾತು ಕೊಟ್ಟರು. ದಾಕ್ಷಾಯಣಮ್ಮ ಹೊರಡುವಾಗ ಕಾವಿ ಬಟ್ಟೆಯನ್ನು ಅಸ್ಫಿಯಾಳ ಕೈಗೆ ಕೊಟ್ಟರು. "ಮಠದಿಂದ ತಂದಿದ್ದು. ಇದನ್ನ ಪಕ್ಕದಾಗೆ ಇಟ್ಕಂಡು ಮಾಡಮ್ಮ."

ಅವರು ತಿರುವು ದಾಟುವವರೆಗೆ ಎಲ್ಲರೂ ಸುಮ್ಮನಿದ್ದರು. ದಾಟಿದ ಮೇಲೆ ಮನೆ ಭುಗಿಲೆದ್ದಿತು.

"ಆ ಸಾಫ್ಟ್‌ವೇರ್ ತಂದಿದ್ದು ನೀನು," ಎಂದು ಮುಝಫರ್ ತಂಗಿಯ ಮೇಲೆ ಹರಿಹಾಯ್ದ. "ಬಣ್ಣ ಕೆಡತೈತೆ ಅಂತ ಹೇಳ್ಬೇಕಾ ಬ್ಯಾಡ್ವಾ?"

"ಬಣ್ಣದ ಕೆಲ್ಸ ಮಾಡುವಾಗ ಆಫ್ ಮಾಡ್ರಿ ಅಂತ ಅದರಲ್ಲೇ ಬರೆದಿತ್ತು."

"ಯಾರು ಓದಿದ್ರು?"

"ಉದ್ದ ಇತ್ತು. ನಾನು ಮುಂದಕ್ಕೆ ಒತ್ತಿದೆ," ಎಂದು ಫರೀಹಾ ದನಿ ತಗ್ಗಿಸಿದಳು. "ನೀನು ಅಂಗಡೀಲಿ ಕಾರ್ಡು ನೋಡಿದ್ಯಲ್ಲ ಭಾಯ್, ನೀನ್ಯಾಕೆ ಕಳಿಸ್ದೆ?"

"ಫ್ಯಾಷನ್ ಅನ್ಕಂಡೆ."

"ಗುರುಗಳಿಗೆ ಫ್ಯಾಷನ್ನಾ?" ಎಂದರು ಪ್ಯಾರಿ ಬೀ.

ಕರೀಂ ಸಾಬರು ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. "ಹುಡುಗ್ರನ್ನ ಅನ್ನಬ್ಯಾಡ್ರಿ. ಆರಿಸಿದ್ದು ನಾನು. ಅದಕ್ಕೆ ಮಗ್ರಿಬ್ ಗೊತ್ತೈತಾ ಅಂತ ನೋಡ್ದೆ. ಕಾವಿ ಗೊತ್ತೈತಾ ಅಂತ ನೋಡಲಿಲ್ಲ."

ಅಸ್ಫಿಯಾಳಿಗೆ ತಡೆಯಲಾಗಲಿಲ್ಲ. ಅವಳ ತಪ್ಪನ್ನು ಮಾವ ಮೈಮೇಲೆ ಎಳೆದುಕೊಳ್ಳುತ್ತಿದ್ದರು. "ಅಮ್ಮೀ ಹೇಳಿದ್ದೇ ಸರಿ," ಎಂದಳು. "ಈ ಕೆಲ್ಸ ಒಂದು ಮುಗಿಸಿಕೊಡ್ತೀನಿ. ಆಮೇಲೆ ಕಂಪ್ಯೂಟರ್ ಅಂಗಡಿಗೆ ತಗೊಂಡು ಹೋಗ್ರಿ."

ಹೇಳಿ ಮುಗಿಸುವಷ್ಟರಲ್ಲಿ ಕಣ್ಣೀರು ಬಂತು. ಸೆರಗಿನಿಂದ ಮುಖ ಒರೆಸಿಕೊಂಡು, ಎಂಜಲು ತಟ್ಟೆಗಳನ್ನು ಎತ್ತಲು ಬಗ್ಗಿದಳು.

"ನಿಲ್ಲು," ಎಂದರು ಪ್ಯಾರಿ ಬೀ. "ನಂಗೊಂದು ಹೇಳು. ಹಗಲಲ್ಲಿ ನೋಡಿದ್ರೆ ಬಣ್ಣ ಸರಿ ಕಾಣ್ತಿತ್ತಾ?"

"ಹೂಂ ಅಮ್ಮೀ. ಈಗ ನೋಡಿದ ತಕ್ಷಣ ಗೊತ್ತಾಯ್ತು."

"ಮತ್ತೆ ಹಗಲಲ್ಲಿ ಯಾಕೆ ನೋಡಲಿಲ್ಲ?"

ಮದುವೆಯಾಗಿ ಬಂದಾಗಿನಿಂದ ಅಸ್ಫಿಯಾ ಅತ್ತೆಗೆ ಎದುರಾಡಿರಲಿಲ್ಲ. ಈಗಲೂ ಎದುರಾಡಬೇಕೆಂದು ಹೇಳಿದ್ದಲ್ಲ. ಕೇಳಿದ್ದಕ್ಕೆ ಇದ್ದ ಉತ್ತರ ಅದೊಂದೇ ಆಗಿತ್ತು.

"ಹಗಲು ಎಲ್ಲೈತೆ ಅಮ್ಮೀ ನಂಗೆ?"

ತಟ್ಟೆಗಳು ಅವಳ ಕೈಯಲ್ಲೇ ಇದ್ದವು. ಫರೀಹಾ ಎದ್ದು ಬಂದು ಭಾಬಿಯ ಕೈಯಿಂದ ತಟ್ಟೆಗಳನ್ನು ತೆಗೆದುಕೊಂಡು ಬಚ್ಚಲಿಗೆ ಹೋದಳು. ಪ್ಯಾರಿ ಬೀ ಎಲೆಯಡಿಕೆ ಡಬ್ಬಿ ತೆರೆದರು, ಏನೂ ಹಾಕಿಕೊಳ್ಳದೆ ಮುಚ್ಚಿದರು. ಸಂಜೆಯವರೆಗೂ ಅವರ ಬಾಯಿಂದ ಒಂದು ಮಾತು ಹೊರಡಲಿಲ್ಲ, ಆ ಮನೆಯಲ್ಲಿ ಅದು ದೊಡ್ಡ ಸುದ್ದಿ.

ಮರುದಿನ ಬೆಳಿಗ್ಗೆ ಅಸ್ಫಿಯಾ ನೀರು ಹಿಡಿದು ಅಡುಗೆಮನೆಗೆ ಬಂದರೆ ಒಲೆ ಆಗಲೇ ಹೊತ್ತಿತ್ತು. ಪ್ಯಾರಿ ಬೀ ಮಂಡಿ ನೋವಿನ ಕಾಲನ್ನು ಉದ್ದಕ್ಕೆ ಚಾಚಿ, ಮಣೆಯ ಮೇಲೆ ಕೂತು ರೊಟ್ಟಿ ಒತ್ತುತ್ತಿದ್ದರು.

"ಅಮ್ಮೀ, ನೀವ್ಯಾಕೆ? ಏಳ್ರಿ, ನಾನು ಮಾಡ್ತೀನಿ."

"ನಿನ್ನ ಪೆಟ್ಟಿಗೆ ಪಡಸಾಲೆ ಕಿಟಕಿ ಹತ್ರ ಇಡ್ಸಿದೀನಿ. ಬೆಳಕು ಬಿದ್ದೈತೆ, ಹೋಗು."

"ಮಧ್ಯಾಹ್ನದ ಅಡುಗೆ?"

"ಈ ಕೈ ನಿನ್ನ ಗಂಡನಿಗೆ ಅನ್ನ ಹಾಕಿ ಬೆಳೆಸಿಲ್ವಾ? ಹೋಗು ಅಂದ್ನಲ್ಲ. ಬೆಳಕು ನಿಂಗೋಸ್ಕರ ಕಾಯ್ಕಂಡು ಕೂರಲ್ಲ."

ಪಡಸಾಲೆಯಲ್ಲಿ ಮುಝಫರ್ ಕೊನೆಯ ವೈರನ್ನು ಸಿಕ್ಕಿಸುತ್ತಿದ್ದ. ಹೆಂಡತಿಯನ್ನು ಕಂಡು, ಬೆಳಗಾಗುವ ಮುಂಚೆ ಅಮ್ಮಿ ತನ್ನನ್ನೂ ಶಾಹಿದನನ್ನೂ ಎಬ್ಬಿಸಿ ಮೇಜು ಹೊರಿಸಿದ ಕಥೆಯನ್ನು ಪಿಸುದನಿಯಲ್ಲಿ ಹೇಳಿದ. ಕೀಲಿಮಣೆಯ ಪಕ್ಕದಲ್ಲಿ ಒಂದು ಸಣ್ಣ ಬಟ್ಟಲಿತ್ತು. ಅದರಲ್ಲಿ ಅಡುಗೆಮನೆಯ ಅರಿಶಿನ. ಇಟ್ಟವರು ಯಾರೆಂದು ಅವಳು ಕೇಳಲಿಲ್ಲ.

ಒಂದು ಕಡೆ ಬಟ್ಟಲು, ಇನ್ನೊಂದು ಕಡೆ ಮಠದ ಕಾವಿ ಬಟ್ಟೆ. ಅಸ್ಫಿಯಾ ಅತ್ತ ನೋಡಿ, ಇತ್ತ ನೋಡಿ, ಮಧ್ಯಾಹ್ನದ ಹೊತ್ತಿಗೆ ಗುರುಗಳಿಗೆ ಅವರ ಬಣ್ಣವನ್ನು ಹಿಂದಿರುಗಿಸಿದಳು. ಮುಝಫರ್ ತಾನೇ ದಾವಣಗೆರೆಗೆ ಹೋಗಿ, ಮೊದಲ ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿ, ಆಮೇಲೆ ಉಳಿದದ್ದನ್ನು ಅಚ್ಚು ಹಾಕಿಸಿಕೊಂಡು ಬಂದ. ಹಳೆಯ ಕಾರ್ಡುಗಳನ್ನು ರದ್ದಿಗೆ ಹಾಕಲು ಕರೀಂ ಸಾಬರು ಬಿಡಲಿಲ್ಲ. ಗುರುಗಳ ಮುಖವಿರುವ ಕಾಗದ ಎಲ್ಲೆಂದರಲ್ಲಿ ಬೀಳಬಾರದೆಂದು ಅಚ್ಚುಕಟ್ಟಾಗಿ ಕಟ್ಟಿಸಿ ಮುರುಗೇಶಪ್ಪನವರ ಮನೆಗೇ ಒಪ್ಪಿಸಿದರು. ಸೋಮವಾರ ಸಂಜೆ ಅಲ್ಲಿಂದ ಫೋನು ಬಂತು.

"ಗದ್ದುಗೆ ಮುಂದೆ ಇಟ್ವಿ ಸಾಬ್ರೆ," ಎಂದರು ಮುರುಗೇಶಪ್ಪ. "ಈ ಸಲ ಮೂಲೆಗೆ ಹಚ್ಚಿದ ಅರಿಶಿನ ಎಲ್ಲೈತೆ ಅಂತ ಹುಡುಕ್ಬೇಕಾತು. ಸೊಸೆಗೆ ಹೇಳ್ರಿ. ಮದ್ವೆಗೆ ಎಲ್ಲರೂ ಬರ್ಬೇಕು."

ಕರೀಂ ಸಾಬರು ಸೊಸೆಯನ್ನು ಕರೆದು ಫೋನನ್ನು ಅವಳ ಕಿವಿಗೇ ಹಿಡಿದು, ಅದನ್ನೇ ಇನ್ನೊಮ್ಮೆ ಹೇಳಿಸಿದರು.

ಸೀಸನ್ ಹಾಗೇ ಸಾಗಿತು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಲೆ ಪ್ಯಾರಿ ಬೀದು. ಬಹಳ ವರ್ಷ ಬಿಟ್ಟಿದ್ದ ಕೈಯಾದ್ದರಿಂದ ರೊಟ್ಟಿಗಳು ದುಂಡಗಿರಲಿಲ್ಲ; ಒಂದೊಂದು ಒಂದೊಂದು ತಾಲ್ಲೂಕಿನ ನಕ್ಷೆಯಂತಿದ್ದವು. ಆಗಾಗ ಒಂದೆರಡು ಕರಕಲಾಗುತ್ತಿದ್ದವು. ಅವುಗಳ ಕರಿ ಮುಖವನ್ನು ಯಾರ ಕಡೆಗೆ ತಿರುಗಿಸಬೇಕೆಂದು ಯಾರಿಗೂ ತಿಳಿಯದೆ ಎಲ್ಲರೂ ಸುಮ್ಮನೆ ತಿಂದರು. ಫರೀಹಾ ಕಾಲೇಜಿಗೆ ಹೋಗುವ ಮುಂಚೆ ಪಾತ್ರೆ ಉಜ್ಜತೊಡಗಿದಳು. ಕರೀಂ ಸಾಬರು ಪೇಪರು ಓದುತ್ತಾ ಬೆಳ್ಳುಳ್ಳಿ ಸುಲಿಯಲು ಕಲಿತರು. ಇದರಲ್ಲಿ ಯಾವುದೂ ಜಗಳವಿಲ್ಲದೆ ನಡೆಯಲಿಲ್ಲ. ಬಟ್ಟೆ ಒಣಗಿಸುವುದು ಯಾರೆಂಬ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ.

ಸಾಫ್ಟ್‌ವೇರನ್ನು ಅಸ್ಫಿಯಾ ತೆಗೆಯಲಿಲ್ಲ. ಸಂಜೆ ಪರದೆಗೆ ಹಳದಿ ಇಳಿದ ಮೇಲೆ ಬಣ್ಣ ಬಿಟ್ಟು ಅಕ್ಷರ ಹಿಡಿಯುತ್ತಿದ್ದಳು: ಹೆಸರು, ಮುಹೂರ್ತ, ಊರಿಗೆ ಬರುವ ದಾರಿ. ಅದರ ಉಸ್ತುವಾರಿ ಅತ್ತೆಯದು. ಅಜಾನ್ ಕೇಳಿಸಿದ ಕೂಡಲೇ ಎಲ್ಲಿದ್ದರೂ ಬಂದು ಇಣುಕುತ್ತಿದ್ದರು.

"ಕಾಮಾಲೆ ಬಂತು. ಇನ್ನ ಬಣ್ಣ ಮುಟ್ಟಬ್ಯಾಡ."

"ಮುಟ್ಟಿಲ್ಲ ಅಮ್ಮೀ, ಹೆಸರು ಹಾಕ್ತಿದೀನಿ."

"ಹೆಸರು ಹಾಕಿ ಏಳು. ಊಟ ಆರತೈತೆ."

ಹೀಗಿರುವಾಗ ಮದುವೆಯ ಮುಹೂರ್ತಗಳು ಮುಗಿದವು. ಒಂದು ಬೆಳಿಗ್ಗೆ ಅಸ್ಫಿಯಾ, ಅರಿಶಿನದ ಬಟ್ಟಲನ್ನು ಎಂದಿನಂತೆ ಪಕ್ಕದಲ್ಲಿಟ್ಟುಕೊಂಡು, ಕಿಟಕಿಯ ಮುಂದೆ ಕೂತು ಗೃಹಪ್ರವೇಶದ ಕಾರ್ಡೊಂದಕ್ಕೆ ತೋರಣದ ಹಸಿರು ಹುಡುಕುತ್ತಿದ್ದಳು. ಹೊರಗೆ ಆಟೋ ನಿಂತ ಸದ್ದಾಯಿತು. ಶಾಹಿದ್ ಒಳಗೆ ಬಂದು ತೋಳು ಮಡಚಿಕೊಂಡ.

"ಏಳಿ ಭಾಬಿ. ಆಟೋ ತಂದಿದೀನಿ."

"ಯಾಕೆ?"

"ಸೀಸನ್ ಮುಗಿದ ಮೇಲೆ ಇದನ್ನ ಅಂಗಡಿಗೆ ಸಾಗಿಸ್ಬೇಕು ಅಂತ ಅಮ್ಮಿ ಹೇಳಿದ್ರಲ್ಲ. ನಾನು ಮಾತು ಕೊಟ್ಟಿದ್ದೆ."

ಅವನು ಕೊಟ್ಟ ಮಾತನ್ನು ನೆನಪಿಟ್ಟು ನಡೆಸಿದ್ದು ಅದೇ ಮೊದಲು. ಅಸ್ಫಿಯಾ ನಿಧಾನವಾಗಿ ಎದ್ದು ನಿಂತಳು. ಅತ್ತೆ ಆ ತೀರ್ಪನ್ನು ಹಿಂದಕ್ಕೆ ತೆಗೆದುಕೊಂಡೆನೆಂದು ಒಮ್ಮೆಯೂ ಹೇಳಿರಲಿಲ್ಲ. ಕೇಳುವ ಧೈರ್ಯ ಅವಳಿಗೂ ಆಗಿರಲಿಲ್ಲ.

ಶಾಹಿದ್ ಪರದೆಯನ್ನು ಎರಡೂ ಕೈಯಲ್ಲಿ ಹಿಡಿದು ಎತ್ತುವಷ್ಟರಲ್ಲಿ ಪ್ಯಾರಿ ಬೀ ಹಿಟ್ಟಿನ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದರು.

"ಎಲ್ಲಿಗಪ್ಪ?"

"ಅಂಗಡಿಗೆ ಅಮ್ಮೀ. ನೀನೇ ಹೇಳಿದ್ಯಲ್ಲ."

ಪ್ಯಾರಿ ಬೀ ಮಗನನ್ನು ನೋಡಿದರು, ಕಿಟಕಿಯಿಂದ ಮೇಜಿನ ಮೇಲೆ ಬಿದ್ದಿದ್ದ ಬಿಸಿಲನ್ನು ನೋಡಿದರು.

"ಅಂಗಡೀಲಿ ಕಿಟಕಿ ಐತಾ?"

"ಇಲ್ಲ. ಅಲ್ಲಿ ಎಲ್ಲಿಂದ ಬರ್ಬೇಕು ಕಿಟಕಿ?"

"ಮತ್ತೆ ಕೆಳಗಿಡು," ಎಂದರು ಪ್ಯಾರಿ ಬೀ. "ಮೆಲ್ಲಗಿಡೋ, ಅರಿಶಿನ ಚೆಲ್ಲೀತು."

ಶಾಹಿದ್ ಇಟ್ಟ. ಅತ್ತೆ ಮತ್ತೆ ಒಲೆಯ ಕಡೆ ಹೋದರು, ಅಲ್ಲಿ ರೊಟ್ಟಿಯೊಂದು ಕರಕಲಾಗುವ ವಾಸನೆ ಬರುತ್ತಿತ್ತು. ಅಸ್ಫಿಯಾ ಬಟ್ಟಲನ್ನು ಅದರ ಜಾಗಕ್ಕೆ ಸರಿಸಿ, ಕುರ್ಚಿಯನ್ನು ಬೆಳಕಿಗೆ ಎಳೆದುಕೊಂಡು ಕೂತಳು.